ಕಾರಿನ ಹೊಳಪೂ ಸಿಲಿಕೋನೂ

ಆಯುಧಪೂಜೆಯ ಹಿಂದಿನ ದಿನ ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಬೀದಿಯಲ್ಲಿ ಹೋದರೂ ಕಾಣುವ ನೋಟ ಒಂದೇ: ಮನೆಮನೆಯ ಮುಂದೆ ಕಾರು, ಸ್ಕೂಟರುಗಳ ಸ್ನಾನ. ಸ್ನಾನ ಮುಗಿದ ಮೇಲೆ ಪಾಲಿಷಿನ ಸರದಿ. ಆಗ ಯಾರಾದರೊಬ್ಬರು ಎಚ್ಚರಿಸುವುದುಂಟು: "ಅದರಲ್ಲಿ ಸಿಲಿಕೋನ್ ಇದೆ, ಹಚ್ಚಬೇಡಿ, ಬಣ್ಣ ಹಾಳಾಗುತ್ತದೆ." ಈ ಮಾತಿನಲ್ಲಿ ನಿಜವೆಷ್ಟು? ರಸಾಯನಶಾಸ್ತ್ರ ನನ್ನ ಪಠ್ಯವಲ್ಲ. ಆದರೆ ನನ್ನ ತಂದೆಯವರು ಮಾಗಡಿ ರಸ್ತೆಯ ಷೆಡ್ಡೊಂದರಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವರಾದುದರಿಂದ ಇದು ನಮ್ಮ ಮನೆಯ ಪ್ರಶ್ನೆಯೂ ಹೌದು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಸಿಲಿಕಾನ್ ಒಂದು ಮೂಲವಸ್ತು. ಆಮ್ಲಜನಕದೊಡನೆ ಕೂಡಿ ಅದು ಮರಳಿನಲ್ಲಿದೆ. ಸಿಲಿಕೋನ್ ಆದರೋ ಮನುಷ್ಯನ ಸೃಷ್ಟಿ. ಸಿಲಿಕಾನ್, ಆಮ್ಲಜನಕಗಳ ಪರಮಾಣುಗಳು ಒಂದಾದ ಮೇಲೊಂದರಂತೆ ಸರಪಳಿಗಟ್ಟಿ, ಇಕ್ಕೆಲಗಳಲ್ಲಿ ಇಂಗಾಲ-ಜಲಜನಕಗಳ ಗುಂಪುಗಳನ್ನು ಹೊತ್ತಿರುತ್ತವೆ. ನಾಟಿಂಗ್‌ಹ್ಯಾಮಿನ ಕಿಪ್ಪಿಂಗ್ ಎಂಬ ವಿಜ್ಞಾನಿ ಇವುಗಳ ಮೇಲೆ ದೀರ್ಘಕಾಲ ಸಂಶೋಧನೆ ನಡೆಸಿದರು. ೧೯೪೦ರಲ್ಲಿ ಅಮೆರಿಕದ ರೋಚೋ ಸುಲಭ ತಯಾರಿಕೆಯ ಮಾರ್ಗವನ್ನು ಕಂಡುಹಿಡಿದ ಮೇಲೆ ಇವು ಕಾರ್ಖಾನೆಗಳಿಂದ ಹೊರಬರತೊಡಗಿದವು.

ಈ ಎಣ್ಣೆ ಒಣಗಿ ಗಟ್ಟಿಯಾದ ಬಣ್ಣವನ್ನು ಕರಗಿಸುವುದಿಲ್ಲ, ಅದರೊಡನೆ ರಾಸಾಯನಿಕವಾಗಿ ಬೆರೆಯುವುದೂ ಇಲ್ಲ. ಅಷ್ಟೇ ಅಲ್ಲ, ಬಣ್ಣ ಸಮನಾಗಿ ಹರಡಲೆಂದು ಅನೇಕ ಬಣ್ಣಗಳಲ್ಲೇ ಅತ್ಯಲ್ಪ ಪ್ರಮಾಣದ ಸಿಲಿಕೋನನ್ನು ಸೇರಿಸಿರುತ್ತಾರೆ. ಹಾಗಾದರೆ ಅಪವಾದ ಏಕೆ ಬಂತು? ಪಾಲಿಷು ಸಣ್ಣ ಗೀರುಗಳನ್ನು ತುಂಬಿ ಮರೆಮಾಡುತ್ತದೆ. ಕೆಲವು ಸಲ ತೊಳೆದ ಮೇಲೆ ಗೀರುಗಳು ಮತ್ತೆ ತಲೆಯೆತ್ತುತ್ತವೆ. ಒಣಬಟ್ಟೆಯಿಂದ ಧೂಳನ್ನು ಉಜ್ಜಿದ್ದು, ಬಿಸಿಲಿನಲ್ಲಿ ನಿಲ್ಲಿಸಿದ್ದು, ರಬ್ಬಿಂಗ್ ಕಾಂಪೌಂಡಿನಿಂದ ಪದೇ ಪದೇ ತಿಕ್ಕಿ ಮೇಲಿನ ಪದರವನ್ನು ತೆಳುಮಾಡಿದ್ದು, ಈ ಎಲ್ಲ ತಪ್ಪುಗಳೂ ಸಿಲಿಕೋನಿನ ತಲೆಗೆ ಬರುತ್ತವೆ.

ಆದರೆ ಸಿಲಿಕೋನ್ ಸಂಪೂರ್ಣ ನಿರಪರಾಧಿಯಲ್ಲ. ಅದರ ತೊಂದರೆ ಇರುವ ಬಣ್ಣಕ್ಕಲ್ಲ, ಮುಂದೆ ಬರುವ ಬಣ್ಣಕ್ಕೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು ೭೨ ಮಿಲಿನ್ಯೂಟನ್. ಸಿಲಿಕೋನ್ ಎಣ್ಣೆಯದು ಕೇವಲ ೨೧ರಷ್ಟು. ಇಷ್ಟು ಕಡಿಮೆ ಎಳೆತದ ಜಾಗದ ಮೇಲೆ ಹಸಿ ಬಣ್ಣ ಹರಡಲಾರದು. ಕೆಸುವಿನ ಎಲೆಯ ಮೇಲಿನ ನೀರಿನಂತೆ ಹಿಂದೆ ಸರಿಯುತ್ತದೆ. ಆಗ ಮೂಡುವ ದುಂಡನೆಯ ಕುಳಿಗಳನ್ನು ಪೇಂಟರುಗಳು 'ಫಿಶ್ ಐ', ಎಂದರೆ ಮೀನಿನ ಕಣ್ಣು, ಎನ್ನುತ್ತಾರೆ.

ಒಂದು ಸಂಜೆ ನಾನು ಷೆಡ್ಡಿಗೆ ಊಟ ಕೊಂಡೊಯ್ದಾಗ, ಆಗತಾನೆ ಬಣ್ಣ ಹೊಡೆದ ಬಾಗಿಲಿನ ತುಂಬ ಇಂಥ ಕಣ್ಣುಗಳೆದ್ದಿದ್ದವು. "ಪಾಲಿಷು ಹಚ್ಚಿದ ಗಾಡಿ ಮಗಾ, ಇವತ್ತಿನ ಕೆಲಸ ನೀರಲ್ಲಿ ಹೋಯ್ತು" ಎಂದರು ಅಪ್ಪ. ಒಣಗಿಸಿ, ಉಜ್ಜಿ, ಮತ್ತೆ ಹೊಡೆಯಬೇಕಾಯಿತು. ಆ ಎರಡನೆಯ ದಿನಕ್ಕೆ ಕೂಲಿ ಇರಲಿಲ್ಲ. 'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆ ಇಲ್ಲಿ ಸುಳ್ಳಾಯಿತು. ಹೊಳಪನ್ನು ಕಂಡವರು ಒಬ್ಬರು, ಅದರ ಬೆಲೆ ತೆತ್ತವರು ಇನ್ನೊಬ್ಬರು.

ಪರಿಹಾರ ಕಷ್ಟವೇನಲ್ಲ. ಉಪ್ಪುಕಾಗದದಿಂದ ಉಜ್ಜುವುದಕ್ಕೆ ಮೊದಲೇ ಸೋಪುನೀರಿನಿಂದ ತೊಳೆದು, ಜಿಡ್ಡು ತೆಗೆಯುವ ದ್ರಾವಕವನ್ನು ಒಂದು ಬಟ್ಟೆಯಿಂದ ಹಚ್ಚಿ, ಅದು ಆರುವ ಮುನ್ನ ಬೇರೊಂದು ಶುದ್ಧ ಬಟ್ಟೆಯಿಂದ ಒರೆಸಬೇಕು. ಮೊದಲೇ ಉಜ್ಜಿದರೆ ಎಣ್ಣೆ ಗೀರುಗಳೊಳಗೆ ಇಳಿಯುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವಂತೆ, ಬಣ್ಣಕ್ಕೇ ತುಸು ಸಿಲಿಕೋನ್ ಬೆರೆಸುವ ಉಪಾಯವೂ ಇದೆ. ಆದರೆ ಅದರಿಂದ ಸ್ಪ್ರೇ ಗನ್ನೂ ಷೆಡ್ಡೂ ಮಲಿನವಾಗುವ ಭಯವುಂಟು.

ಆದುದರಿಂದ ಪಾಲಿಷು ಹಚ್ಚುವವರು ಹೆದರಬೇಕಾಗಿಲ್ಲ. ಆದರೆ ಗಾಡಿಯನ್ನು ಬಣ್ಣಕ್ಕೆ ಬಿಡುವಾಗ "ಇದಕ್ಕೆ ಪಾಲಿಷು ಹಚ್ಚಿದ್ದೇವೆ" ಎಂದು ಒಂದು ಮಾತು ಹೇಳಿದರೆ ಸಾಕು. ಆ ಒಂದು ಮಾತಿನಿಂದ ಒಬ್ಬ ಕೆಲಸಗಾರನ ಒಂದು ದಿನದ ಕೂಲಿ ಉಳಿಯುತ್ತದೆ.