ಮೊದಲು ಫ್ರಿಜ್ಜಿನ ಲೆಕ್ಕ ಹೇಳು

ನೋಡು ಮಗಳೇ, ಹಳೇ ಟೆಂಪೋ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಮಂಚ-ಅಡುಗೆಕಟ್ಟೆ ಮಾಡಿಸುತ್ತಿದ್ದೀರಿ ಅಂತ ನಿಮ್ಮಮ್ಮ ಹೇಳಿದಳು. ಸಂತೋಷ. ಮೇಲೆ ಎಷ್ಟು ವ್ಯಾಟಿನ ಸೋಲಾರ್ ಪ್ಯಾನಲ್ ಹಾಕಿಸಲಿ ದೊಡ್ಡಪ್ಪ ಅಂತ ಕೇಳಿದ್ದೀಯ. ನಾನು ಮಲೆನಾಡಿನ ಮನೆಗಳಿಗೆ ಸೋಲಾರ್ ದೀಪ ಹಾಕಿಕೊಂಡು ತಿರುಗುತ್ತಿದ್ದಾಗಲೂ ಎಲ್ಲರೂ ಮೊದಲು ಇದನ್ನೇ ಕೇಳುತ್ತಿದ್ದರು. ಇದು ಕೊನೆಗೆ ಕೇಳಬೇಕಾದ್ದು. ಗಾಡಿಯೊಳಗೆ ದಿನಕ್ಕೆ ಎಷ್ಟು ಕರೆಂಟು ಖರ್ಚಾಗುತ್ತದೆ ಅಂತ ಮೊದಲು ನೀನು ಹೇಳು.

ಒಂದು ಹಾಳೆ ತಗೊಂಡು ಬರೆ. 5 ವ್ಯಾಟಿನ ನಾಲ್ಕು ಎಲ್‌ಇಡಿ ದೀಪ, ನಾಲ್ಕು ಗಂಟೆ ಉರಿದರೆ 80 ವ್ಯಾಟ್-ಅವರ್. 15 ವ್ಯಾಟಿನ ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 120. ನಿನ್ನ ಲ್ಯಾಪ್‌ಟಾಪು, ಇಬ್ಬರ ಫೋನು ಸೇರಿ 180. ನೀರಿನ ಪಂಪು ಲೆಕ್ಕಕ್ಕೇ ಇಲ್ಲ. ಒಟ್ಟು 380 ಆಯಿತು. ಈಗ ಫ್ರಿಜ್ಜಿಗೆ ಬಾ. ಗಾಡಿಗೆಂದೇ ಸಿಗುವ 12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಜ್ಜು ಓಡುವಾಗ ಎಳೆಯುವುದು 45-50 ವ್ಯಾಟ್ ಅಷ್ಟೇ. ಆದರೆ ನಮ್ಮ ಸೆಕೆಗೆ ದಿನದ ಹತ್ತಿರಹತ್ತಿರ ಅರ್ಧ ಹೊತ್ತು ಓಡುತ್ತಲೇ ಇರುತ್ತದೆ. 500 ಅಂತ ಇಟ್ಟುಕೋ. ವೈರು, ಇನ್ವರ್ಟರ್ ನುಂಗುವುದನ್ನೂ ಸೇರಿಸಿದರೆ ದಿನಕ್ಕೆ ಸುಮಾರು ಒಂದು ಯೂನಿಟ್, ಅಂದರೆ 1000 ವ್ಯಾಟ್-ಅವರ್. ಅದರಲ್ಲಿ ಅರ್ಧ ಫ್ರಿಜ್ಜಿನ ಪಾಲು.

ಇಂಡಕ್ಷನ್ ಒಲೆ ಇಡುತ್ತೇವೆ ಅಂತ ನಿನ್ನ ಗಂಡ ಅಂದನಂತೆ. ಬೇಡ ಅನ್ನು. 1500 ವ್ಯಾಟಿನ ಒಲೆ ಉರಿಸಲು 12 ವೋಲ್ಟಿನ ಬ್ಯಾಟರಿಯಿಂದ 130 ಆಂಪಿಯರ್ ಹರಿಯಬೇಕು. ಇಬ್ಬರ ಅನ್ನ-ಸಾರಿಗೆ ಸಣ್ಣ ಗ್ಯಾಸ್ ಸಿಲಿಂಡರ್ ಸಾಕು.

ಇನ್ನು ಆದಾಯ. 400 ವ್ಯಾಟಿನ ಪ್ಯಾನಲ್ ಅಂದರೆ ಯಾವಾಗಲೂ 400 ವ್ಯಾಟ್ ಕೊಡುತ್ತದೆ ಅಂತಲ್ಲ. ಆ ಅಂಕಿ ಪ್ಯಾನಲ್ಲಿನ ಸೆಲ್ 25 ಡಿಗ್ರಿಯಲ್ಲಿದ್ದಾಗ ಅಳೆದದ್ದು. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ತಗಡಿನ ಮೇಲೆ ಮಲಗಿದ ಪ್ಯಾನಲ್ 65 ಡಿಗ್ರಿ ದಾಟುತ್ತದೆ, ಅಷ್ಟರಲ್ಲೇ ಏಳರಲ್ಲಿ ಒಂದು ಪಾಲು ಹೋಯಿತು. ಧೂಳು, ವೈರಿನ ನಷ್ಟ ಬೇರೆ. ಬಯಲುಸೀಮೆಯಲ್ಲಿ ದಿನಕ್ಕೆ ಐದು ಗಂಟೆ ಪೂರ್ತಿ ಬಿಸಿಲು ಅಂತ ಹಿಡಿದು, ನೂರಕ್ಕೆ ಎಪ್ಪತ್ತು ಕೈಗೆ ಬಂತು ಅಂದರೂ 1400 ವ್ಯಾಟ್-ಅವರ್. ನಿಮಗೆ ಧಾರಾಳ. ಅದೇ ಗಾಡಿ ಜುಲೈನಲ್ಲಿ ತೀರ್ಥಹಳ್ಳಿ ಕಡೆ ನಿಂತರೆ ಇದರಲ್ಲಿ ಅರ್ಧ ಬಂದರೆ ಪುಣ್ಯ. ದೊಡ್ಡ ಸೋಲಾರ್ ಪಾರ್ಕನ್ನು ಪಾವಗಡದಲ್ಲಿ ಕಟ್ಟಿದರು, ಆಗುಂಬೆಯಲ್ಲಿ ಯಾರೂ ಕಟ್ಟಲಿಲ್ಲ!

ನಾನು ಸೋಲಾರ್ ಹಾಕಿದ ಮನೆಗಳಲ್ಲಿ ಮಳೆಗಾಲಕ್ಕೆ ದೀಪ ಬೇಗ ಆರುತ್ತಿದ್ದಾಗ ಜನ ಬ್ಯಾಟರಿಯನ್ನು ಬೈಯುತ್ತಿದ್ದರು, ಇನ್ನೊಂದು ಬ್ಯಾಟರಿ ಹಾಕಿ ಅನ್ನುತ್ತಿದ್ದರು. ಗದ್ದೆಯಲ್ಲಿ ಬೆಳೆಯೇ ಇಲ್ಲದಾಗ ಕಣಜ ದೊಡ್ಡದು ಮಾಡಿ ಏನು ಬಂತು? ಆಗ ಮಾಡಬೇಕಾದ್ದು ಖರ್ಚು ಇಳಿಸುವುದು. ಮಲೆನಾಡಿನ ಮಳೆಯಲ್ಲಿ ಫ್ರಿಜ್ಜು ಆರಿಸಿಬಿಡು. ಆ ಥಂಡಿಗೆ ತರಕಾರಿ ಎರಡು ದಿನ ಹಾಗೇ ಇರುತ್ತದೆ, ಹಾಲು ಬೆಳಿಗ್ಗೆ ಊರಲ್ಲಿ ಸಿಗುತ್ತದೆ. ಇದೊಂದು ಒಪ್ಪಿಗೆಯಾದರೆ ನಿನಗೆ 400 ವ್ಯಾಟಿನ ಮೇಲೆ ಒಂದು ವ್ಯಾಟೂ ಬೇಡ. ಜೊತೆಗೆ ಗಾಡಿ ಓಡುವಾಗ ಆಲ್ಟರ್ನೇಟರಿನಿಂದ ಚಾರ್ಜ್ ಮಾಡುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿಸು. ಎರಡು ಗಂಟೆ ಓಡಿಸಿದರೆ ಹೆಚ್ಚುಕಡಿಮೆ ಮುಕ್ಕಾಲು ಯೂನಿಟ್. ನಡುವೆ ಅದಿಲ್ಲದೆ ಲಿಥಿಯಂ ಬ್ಯಾಟರಿಯನ್ನು ನೇರ ಆಲ್ಟರ್ನೇಟರಿಗೆ ಕಟ್ಟಲು ಮಾತ್ರ ಬಿಡಬೇಡ. ಬ್ಯಾಟರಿ ಮಿತಿಯಿಲ್ಲದೆ ಎಳೆದು ಆಲ್ಟರ್ನೇಟರ್ ಕಾದು ಸುಟ್ಟೀತು.

ಮರದ ನೆರಳಲ್ಲಿ ಗಾಡಿ ನಿಲ್ಲಿಸಬೇಕು ಅಂತ ನಿಮಗನಿಸುತ್ತದೆ, ಪ್ಯಾನಲ್ಲಿಗೆ ಬಿಸಿಲು ಬೇಕು. ಈ ಜಗಳ ದಿನಾ ಇದ್ದದ್ದೇ. ಪ್ಯಾನಲ್ಲಿನ ಸೆಲ್ಲುಗಳೆಲ್ಲ ಒಂದರ ಹಿಂದೆ ಒಂದು ಪೋಣಿಸಿದ್ದು, ಒಂದು ಅಗಲ ಎಲೆ ಒಂದೇ ಸೆಲ್ಲನ್ನು ಮುಚ್ಚಿದರೂ ಪ್ಯಾನಲ್ಲಿನ ಮೂರನೇ ಒಂದು ಭಾಗ ಕೆಲಸ ನಿಲ್ಲಿಸಬಹುದು. ಅರ್ಧ ಪ್ಯಾನಲ್ ಛಾವಣಿಗೆ ಹಾಕಿ, ಇನ್ನರ್ಧವನ್ನು ಉದ್ದ ವೈರಿನ ಜೊತೆ ಕೈಯಲ್ಲಿ ಎತ್ತಿಕೊಂಡು ಬಿಸಿಲಿಗೆ ಇಡುವಂತೆ ಮಾಡಿಕೋ. ಪ್ಯಾನಲ್ಲಿನ ಕರೆಂಟನ್ನು ಬ್ಯಾಟರಿಗೆ ಹದಮಾಡಿ ಕೊಡುವ ಚಾರ್ಜ್ ಕಂಟ್ರೋಲರ್ ಹೊರಗಿನ ಅರ್ಧಕ್ಕೆ ಬೇರೆಯೇ ಇರಲಿ, ಎರಡೂ ಎಂಪಿಪಿಟಿ ಬಗೆಯದ್ದು.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟೇ ತಗೋ, 12.8 ವೋಲ್ಟಿನ 200 ಆಂಪಿಯರ್-ಅವರ್. ಎರಡೂವರೆ ಯೂನಿಟ್ ಹಿಡಿಯುತ್ತದೆ, ಎರಡು ದಿನ ಮೋಡ ಕವಿದರೂ ನಡೆಯುತ್ತದೆ. ಮನೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಅಗ್ಗ ನಿಜ. ಆದರೆ ಒಂದೊಂದು ಐವತ್ತು ಕಿಲೋ ಮೇಲೆ ತೂಗುತ್ತದೆ, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಸಾಯುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಲಗುವ ಮಂಚದ ಕೆಳಗೆ ಅದು ಕೂಡದು.

ಲಡಾಖಿಗೂ ಹೋಗುತ್ತೀರಂತೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಒಳಗೇ ಕೆಡುತ್ತದೆ. ಥಂಡಿಯಾದಾಗ ಚಾರ್ಜಿಂಗ್ ತಾನೇ ತಡೆಯುವ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟು) ಇದೆಯೋ ಅಂತ ಕೇಳಿಯೇ ಕೊಳ್ಳು. ಬ್ಯಾಟರಿ ಪೆಟ್ಟಿಗೆ ಗಾಡಿಯ ಒಳಗಿರಲಿ, ಚಾಸಿಗೆ ನೇತುಹಾಕಬೇಡಿ. ಇನ್ನೊಂದು, ಚಳಿಗೆ ಪ್ಯಾನಲ್ಲಿನ ವೋಲ್ಟೇಜ್ ಏರುತ್ತದೆ. ಎರಡು ಪ್ಯಾನಲ್ ಸೀರೀಸಿನಲ್ಲಿ ಕಟ್ಟುವುದಾದರೆ ಅವುಗಳ ಒಟ್ಟು ವೋಲ್ಟೇಜ್ ಕಂಟ್ರೋಲರ್ ತಡೆಯುವ ಮಿತಿಗಿಂತ ಐದರಲ್ಲಿ ಒಂದು ಪಾಲಾದರೂ ಕೆಳಗಿರಬೇಕು.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ್ದು ವೈರಿಗೆ. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಅಂತ ಜನಕ್ಕೆ ಸದರ. ಶಾಕಿನದ್ದಲ್ಲ, ಬೆಂಕಿಯದ್ದು ಭಯ. ಐದು ಮೀಟರ್ ದೂರಕ್ಕೆ 2.5 ಸ್ಕ್ವೇರ್ ಎಂಎಂ ವೈರಿನಲ್ಲಿ 20 ಆಂಪಿಯರ್ ಹರಿಸಿದರೆ, ಹೋಗಿಬರುವಷ್ಟರಲ್ಲಿ ಒಂದೂವರೆ ವೋಲ್ಟ್ ವೈರಿನಲ್ಲೇ ಶಾಖವಾಗಿ ಕಳೆಯುತ್ತದೆ. ಮನೆಯ 230 ವೋಲ್ಟಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಇಲ್ಲಿ ಎಂಟರಲ್ಲಿ ಒಂದು ಪಾಲು. ಆ ಜಾಗಕ್ಕೆ 10 ಸ್ಕ್ವೇರ್ ಎಂಎಂ ಹಾಕಿಸು, ತಾಮ್ರದ್ದೇ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ವೈರು ಎಲ್ಲಿ ತಗಡಿಗೆ ಉಜ್ಜಿದರೂ ಹಿಂದಿನ ಬ್ಯಾಟರಿ ಸಾವಿರಗಟ್ಟಲೆ ಆಂಪಿಯರ್ ಕಕ್ಕಬಲ್ಲದು. ಮನೆಗೆ ಹಾಕುವ ಎಸಿ ಎಂಸಿಬಿ ಇಲ್ಲಿ ನಡೆಯುವುದಿಲ್ಲ. ಡಿಸಿಯ ಕಿಡಿ ಅಷ್ಟು ಸುಲಭಕ್ಕೆ ಆರದು, ಡಿಸಿಗೆಂದೇ ಮಾಡಿದ್ದನ್ನು ಕೇಳಿ ತಗೋ. ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಪ್ಯಾನಲ್ ಮೊದಲು.

ಸೀಟು ಕಿತ್ತಿದ್ದಕ್ಕೆ ಆರ್‌ಟಿಓ ಅನುಮತಿ ತಗೊಂಡಿರಾ? ಆರ್‌ಸಿಯಲ್ಲಿ ಬರೆಸದೆ ಚೆಕ್‌ಪೋಸ್ಟಿನಲ್ಲಿ ವಾದ ಮಾಡಿ ಫಲವಿಲ್ಲ.

ಸಣ್ಣ ಬ್ಯಾಟರಿ ಮಾನಿಟರ್ ಒಂದು ಹಾಕಿಸಿ, ಜುಲೈನಲ್ಲಿ ಗಾಡಿ ನಮ್ಮ ಅಂಗಳಕ್ಕೆ ತಂದು ನಿಲ್ಲಿಸು. ಮೂರು ದಿನ ಚಾವಿ ತಿರುಗಿಸಬೇಡ, ಮನೆಯ ಪ್ಲಗ್ಗಿಗೂ ಕೈ ಹಾಕಬೇಡ, ಗಾಡಿಯಲ್ಲೇ ಮಲಗಿ, ಫೋನು ಅಲ್ಲೇ ಚಾರ್ಜ್ ಮಾಡಿಕೊಳ್ಳಿ. ಬೆಳಿಗ್ಗೆ-ಸಂಜೆ ಮಾನಿಟರಿನ ಅಂಕಿ ಬರೆದಿಡು. ಊಟಕ್ಕೆ ಒಳಗೆ ಬಂದರೆ ನಿನ್ನ ದೊಡ್ಡಮ್ಮ ಬೇಡ ಅನ್ನುವುದಿಲ್ಲ. ಆ ಹಾಳೆ ನೋಡಿಕೊಂಡು ಲಡಾಖಿನ ಮಾತಾಡೋಣ.