ಪುಡಿಯನ್ನು ಒಳಗೇ ಬಿಟ್ಟುಕೊಳ್ಳಬೇಡ

ಚಿ. ಪುಟ್ಟಿಗೆ,

ಮುಂದಿನ ತಿಂಗಳಿಂದ ಪ್ರೋಟೀನಿಗೆ ಬೆರಿಲಿಯಂ ಫ್ಲೋರೈಡ್ ಹಾಕುವ ಪ್ರಯೋಗ ಶುರು ಅಂತ ನೀನು ಫೋನಿನಲ್ಲಿ ಹೇಳಿದ್ದೇ ತಡ, ನಿಮ್ಮಮ್ಮ ಗೂಗಲ್ ತೆಗೆದು ಕೂತಳು. ಅಲ್ಲಿ ಓದಿದ್ದನ್ನೆಲ್ಲ ನನಗೆ ಒಪ್ಪಿಸಿ, "ಬೇಡ ಅಂತ ನೀವಾದರೂ ಹೇಳಿ ಅಕ್ಕಾ" ಅಂದಳು. ನಾನು ಹಾಗೆ ಹೇಳುವುದಿಲ್ಲ. ಲ್ಯಾಬುಗಳ ಸುರಕ್ಷತೆ ನೋಡಿಕೊಳ್ಳುವ ಕೆಲಸದಲ್ಲೇ ತಲೆ ನರೆತವಳು ನಾನು. ಬೇಡ ಎನ್ನುವುದು ಸುಲಭ. ಹೇಗೆ ಅಂತ ಹೇಳುವುದಕ್ಕೇ ಸಂಬಳ ತೆಗೆದುಕೊಂಡವಳು. ನಿನ್ನ ಜೊತೆಯವರೂ ಓದಲಿ ಎಂದು ಇದನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ಪ್ರಯೋಗದ ಜಾಣತನ ನನಗೆ ಗೊತ್ತು. ಎಟಿಪಿಯ ತುದಿಯ ಫಾಸ್ಫೇಟ್ ಕೂರಬೇಕಾದ ಜಾಗದಲ್ಲಿ ಅದೇ ಆಕಾರದ ಬೆರಿಲಿಯಂ ಫ್ಲೋರೈಡ್ ಹೋಗಿ ಕೂರುತ್ತದೆ. ಪ್ರೋಟೀನು ಮೋಸಹೋಗಿ ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ನೀವು ಅದರ ಚಿತ್ರ ತೆಗೆದುಕೊಳ್ಳುತ್ತೀರಿ. ಅಲ್ಯೂಮಿನಿಯಂ ಫ್ಲೋರೈಡಿನಲ್ಲಿ ಕೆಲಸ ಆಗುವುದಿಲ್ಲವೇ ಎಂದು ನಿನ್ನ ಗೈಡನ್ನು ಒಮ್ಮೆ ಕೇಳಿನೋಡು. ಅದು ಹಿಡಿದು ನಿಲ್ಲಿಸುವ ಹಂತವೇ ಬೇರೆ, ಇದೇ ಬೇಕು ಅಂದರೆ ಸರಿ, ಮುಂದೆ ಓದು.

ನಮ್ಮ ಕಡೆ ಫ್ಲೋರೈಡ್ ಅಂದರೆ ಎಲ್ಲರಿಗೂ ಪಾವಗಡ, ಬಾಗೇಪಲ್ಲಿಯ ಬೋರ್‌ವೆಲ್ ನೀರು, ಕಂದುಗಟ್ಟಿದ ಹಲ್ಲು ನೆನಪಾಗುತ್ತದೆ. ಅಲ್ಲಿ ಫ್ಲೋರೈಡೇ ಅಪರಾಧಿ. ನಿನ್ನ ಟ್ಯೂಬಿನಲ್ಲಿ ಅದು ಜೊತೆಗಾರ, ದೊಡ್ಡ ಕಳ್ಳ ಬೆರಿಲಿಯಂ. ನಿಮ್ಮಮ್ಮನ ಉಂಗುರದ ಪಚ್ಚೆಯಲ್ಲೂ ಬೆರಿಲಿಯಂ ಇದೆ, ಆದರೆ ಕಲ್ಲಿನೊಳಗೆ ಸಿಕ್ಕಿಬಿದ್ದಿರುವುದರಿಂದ ಅವಳಿಗೆ ಏನೂ ಆಗುವುದಿಲ್ಲ. ಫ್ಲೋರೈಡಾಗಿಯೋ ಸಲ್ಫೇಟಾಗಿಯೋ ಬಂದಾಗ ಅದೇ ಬೆರಿಲಿಯಂ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಮೊದಮೊದಲು ಕಾಯಿಲೆ ಬಿದ್ದವರಲ್ಲಿ ಇಂಥ ಲವಣಗಳ ಜೊತೆ ಕೆಲಸ ಮಾಡಿದ ಕಾರ್ಮಿಕರೂ ಇದ್ದರು. 1943ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ವೈದ್ಯರು ಬೆರಿಲಿಯಂ ಕಾರ್ಖಾನೆಯವರ ಶ್ವಾಸಕೋಶದ ಉರಿಯೂತದ ಬಗ್ಗೆ ಬರೆದರು. 1946ರಲ್ಲಿ ಹ್ಯಾರಿಯೆಟ್ ಹಾರ್ಡಿ ಎಂಬ ವೈದ್ಯೆ ಮ್ಯಾಸಚೂಸೆಟ್ಸ್‌ನ ಸೇಲಂ ಊರಿನ ಟ್ಯೂಬ್‌ಲೈಟ್ ಕಾರ್ಖಾನೆಯ ಕೆಲಸಗಾರರಲ್ಲಿ ಇನ್ನೊಂದು ಬಗೆಯನ್ನು ಗುರುತಿಸಿದಳು: ನಿಧಾನವಾಗಿ, ಕೆಲಸ ಬಿಟ್ಟು ಎಷ್ಟೋ ಕಾಲದ ಮೇಲೆ ಬರುವಂಥದ್ದು. ಆ ಟ್ಯೂಬುಗಳ ಒಳಲೇಪದಲ್ಲಿ ಆಗ ಬೆರಿಲಿಯಂ ಇರುತ್ತಿತ್ತು. ಕಾರ್ಖಾನೆಯ ಮೆಟ್ಟಿಲನ್ನೇ ತುಳಿಯದ ಹೆಂಗಸರಿಗೂ ಈ ರೋಗ ಬಂತು, ಗಂಡನ ಕೆಲಸದ ಬಟ್ಟೆ ಒಗೆದದ್ದಕ್ಕೆ. ಹಾಗಾಗಿ ನಿನ್ನ ಲ್ಯಾಬ್ ಕೋಟು ಹಾಸ್ಟೆಲಿಗೂ ಬರಬಾರದು, ಹಬ್ಬಕ್ಕೆ ಊರಿಗೆ ತರುವ ಒಗೆಯುವ ಬಟ್ಟೆಯ ಗಂಟಿನಲ್ಲಂತೂ ಕಾಣಲೇಬಾರದು.

ಗಾಳಿಯಲ್ಲಿ ಎಷ್ಟಿದ್ದರೆ ಪರವಾಗಿಲ್ಲ ಎಂಬ ಮಿತಿಯ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಘನಮೀಟರಿಗೆ 2 ಮೈಕ್ರೊಗ್ರಾಂ ಎಂಬ ಸಂಖ್ಯೆಯನ್ನು ಅಮೆರಿಕದ ಇಬ್ಬರು ತಜ್ಞರು ಟ್ಯಾಕ್ಸಿಯಲ್ಲಿ ಹೋಗುತ್ತಾ ಮಾತಾಡಿಕೊಂಡು ಗೊತ್ತುಮಾಡಿದ್ದು. 1949ರಲ್ಲಿ ಅದೇ ನಿಯಮವಾಗಿ, ಕಾರ್ಖಾನೆಗಳಲ್ಲಿ ದಶಕಗಟ್ಟಲೆ ನಡೆಯಿತು. ಅದರೊಳಗೇ ಇದ್ದವರಿಗೂ ರೋಗ ಬರುತ್ತಲೇ ಇತ್ತು. 2017ರಲ್ಲಿ ಅಲ್ಲಿಯ ಸರ್ಕಾರ ಅದನ್ನು ಹತ್ತರಲ್ಲೊಂದಕ್ಕೆ, ಅಂದರೆ 8 ಗಂಟೆಯ ಸರಾಸರಿಯಲ್ಲಿ 0.2 ಮೈಕ್ರೊಗ್ರಾಮಿಗೆ ಇಳಿಸಿತು.

ಈಗ ನಿನ್ನ ಲೆಕ್ಕಕ್ಕೆ ಬಾ. ಬೆರಿಲಿಯಂ ಫ್ಲೋರೈಡನ್ನು ನೀವು ಟ್ಯೂಬಿನಲ್ಲೇ ಬೆರಿಲಿಯಂ ಸಲ್ಫೇಟಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ ಮಾಡಿಕೊಳ್ಳುತ್ತೀರಿ. 100 ಮಿಲಿಮೋಲಾರ್ ಸ್ಟಾಕ್ 10 ಎಂಎಲ್ ಮಾಡಲು 177 ಮಿಲಿಗ್ರಾಂ ಬೆರಿಲಿಯಂ ಸಲ್ಫೇಟ್ (ಸ್ಫಟಿಕದ ನೀರೂ ಸೇರಿ) ತೂಗುತ್ತೀಯ. ಅದರಲ್ಲಿ ಬೆರಿಲಿಯಂ ಇರುವುದು 9 ಮಿಲಿಗ್ರಾಂ. ಅಷ್ಟೂ ಧೂಳಾಗಿ ಹಾರಿದರೆ 45,000 ಘನಮೀಟರ್ ಗಾಳಿಯನ್ನು ಆ ಮಿತಿಗೆ ಮುಟ್ಟಿಸಬಲ್ಲದು. ನಿಮ್ಮ ತಕ್ಕಡಿ ಇಟ್ಟ ಕೋಣೆ 90 ಘನಮೀಟರ್ ಅಂದುಕೋ, ಅಂಥ 500 ಕೋಣೆ. ಎಲ್ಲವೂ ಹಾರುವುದಿಲ್ಲ ನಿಜ. ಆದರೆ ಫೆಬ್ರವರಿಯ ಒಣಹವೆಯಲ್ಲಿ ಪ್ಲಾಸ್ಟಿಕ್ ತಟ್ಟೆಗೆ ಪುಡಿ ಸುರಿಯುವಾಗ ಕಾಳುಗಳು ತಾವಾಗಿಯೇ ನೆಗೆದು ಅಂಚಿಗೆ ಅಂಟಿಕೊಳ್ಳುವುದನ್ನು ನೀನೇ ನೋಡಿರುತ್ತೀಯ. ತಲೆಯ ಮೇಲೆ ಫ್ಯಾನು ಬೇರೆ. ಅದಕ್ಕೇ ನನ್ನ ಮಾತು ಒಂದೇ: ಪುಡಿಯನ್ನು ತರಿಸಲೇಬೇಡ. ನೀರಿನಲ್ಲಿ ಕರಗಿಸಿಯೂ ಮಾರುತ್ತಾರೆ, ಅದನ್ನು ತರಿಸು. ದುಬಾರಿ ಅಂತ ಗೈಡ್ ಗೊಣಗಿದರೆ ಈ 500 ಕೋಣೆಯ ಲೆಕ್ಕ ತೋರಿಸು.

ದ್ರಾವಣವನ್ನು ತೆರೆಯುವುದು ಫ್ಯೂಮ್ ಹುಡ್‌ನಲ್ಲಿ. ಜೀವವಿಜ್ಞಾನದ ಹುಡುಗರು ಇದನ್ನು ಲ್ಯಾಮಿನಾರ್ ಹುಡ್ ಜೊತೆ ಕಲಸಿಬಿಡುತ್ತಾರೆ. ಅದರ ಗಾಳಿ ನಿನ್ನ ಸ್ಯಾಂಪಲನ್ನು ಕಾಪಾಡಲು ನಿನ್ನ ಮುಖದ ಮೇಲೇ ಬೀಸುತ್ತದೆ. ಚೆಲ್ಲಿದ ಹನಿ ಒಣಗಿತೋ, ಮತ್ತೆ ಪುಡಿಯೇ. ಹಸಿಯಿರುವಾಗಲೇ ಒದ್ದೆ ಟಿಶ್ಯೂನಲ್ಲಿ ಒರೆಸು. ನೀವು ಚಿತ್ರ ತೆಗೆಯಲು ಸ್ಯಾಂಪಲ್ ಇಡುವ ಗ್ರಿಡ್ ಮೇಲಿನ ಹನಿಯನ್ನು ಹೀರಿ ತೆಗೆಯುವ ಆ ದುಂಡನೆಯ ಫಿಲ್ಟರ್ ಕಾಗದ ಇದೆಯಲ್ಲ, ಅದನ್ನು ಎಲ್ಲರೂ ಮಾಮೂಲಿ ಕಸದ ಬುಟ್ಟಿಗೆ ಎಸೆಯುತ್ತಾರೆ. ಬೆಳಿಗ್ಗೆ ಆ ಬುಟ್ಟಿ ಕೊಡವುವ ಆಯಮ್ಮನಿಗೆ ಅದರಲ್ಲಿ ಏನಿದೆ ಎಂದು ಹೇಳುವವರು ಯಾರು? ಜಿಪ್ ಚೀಲದಲ್ಲಿ ಹಾಕಿ, ಹೆಸರು ಬರೆದು, ಅಪಾಯಕಾರಿ ತ್ಯಾಜ್ಯಕ್ಕೆ ಕೊಡು. ಸಿಂಕಿಗೆ ಒಂದು ಹನಿಯೂ ಬೇಡ.

ಕೈಗವಸು ಎರಡು ಪದರ ಇರಲಿ. ಬೆರಳಿನಲ್ಲಿ ಸಣ್ಣ ಗಾಯವಿದ್ದರೂ ಆ ದಿನ ಈ ಕೆಲಸ ಬಿಡು, ಯಾಕೆಂದರೆ ಗಾಯದೊಳಕ್ಕೆ ಹೋದ ಬೆರಿಲಿಯಂ ಅಲ್ಲೇ ವಾಸಿಯಾಗದ ಹುಣ್ಣು ಮಾಡುತ್ತದೆ.

ಇನ್ನು ಜೊತೆಗಾರ ಫ್ಲೋರೈಡು. ಸೋಡಿಯಂ ಫ್ಲೋರೈಡಿಗೆ ಆಮ್ಲ ತಗುಲಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಬೆರಿಲಿಯಂ ದ್ರಾವಣ ಆಮ್ಲದಲ್ಲೇ ಬರುವುದುಂಟು, ಲೇಬಲ್ ಓದು. ಮೊದಲು ಅದನ್ನು ಬಫರಿಗೆ ಹಾಕಿ ಪಿಎಚ್ ಸರಿಮಾಡಿಕೊಂಡು, ಫ್ಲೋರೈಡನ್ನು ಕೊನೆಗೆ ಸೇರಿಸು. ಆ ಆಮ್ಲ ತೆಳುವಾಗಿದ್ದಾಗ ಚರ್ಮಕ್ಕೆ ಬಿದ್ದದ್ದೇ ಗೊತ್ತಾಗುವುದಿಲ್ಲ. ಗಂಟೆಗಳಾದ ಮೇಲೆ ನೋವು ಶುರು, ಅಷ್ಟರಲ್ಲಿ ಅದು ಒಳಗಿಳಿದು ಕ್ಯಾಲ್ಸಿಯಂ ಹಿಡಿದಿರುತ್ತದೆ. ನೀರಿನಲ್ಲಿ ತೊಳೆದು, 2.5% ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಹಚ್ಚಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆ ಜೆಲ್ ಮೊದಲು ಲ್ಯಾಬಿಗೆ ಬರಲಿ, ಆಮೇಲೆ ಪ್ರಯೋಗ.

ಫ್ಲೋರೈಡನ್ನು ಗಾಜಿನಲ್ಲಿ ಇಡಬೇಡ, ಪ್ಲಾಸ್ಟಿಕ್ಕೇ ಸರಿ. ಇದಕ್ಕೊಂದು ಸ್ವಾರಸ್ಯದ ಕಾರಣವೂ ಇದೆ. ಫ್ಲೋರೈಡ್ ಹಾಕಿದರೆ ಜೀವಕೋಶದ ಒಂದು ಪ್ರೋಟೀನು ಚುರುಕಾಗುತ್ತದೆ ಎಂದು ಎಲ್ಲರೂ ನಂಬಿದ್ದರು. 1982ರಲ್ಲಿ ಸ್ಟರ್ನ್‌ವೈಸ್ ಮತ್ತು ಗಿಲ್ಮನ್ ಎಂಬ ವಿಜ್ಞಾನಿಗಳು ಹುಡುಕುತ್ತಾ ಹೋದರೆ, ಜೊತೆಗೆ ಅಲ್ಯೂಮಿನಿಯಂ ಬೇಕೇ ಬೇಕು ಎಂದು ಗೊತ್ತಾಯಿತು. ಅದು ಬರುತ್ತಿದ್ದದ್ದು ಗಾಜಿನ ಟೆಸ್ಟ್‌ಟ್ಯೂಬಿನಿಂದಲೂ! ನಿಮ್ಮ ಲೋಹ-ಫ್ಲೋರೈಡ್ ವಿದ್ಯೆಗೆಲ್ಲ ಆ ಟ್ಯೂಬೇ ಒಂದು ಬೇರು.

ಕಾಯಿಲೆಯ ಬಗ್ಗೆ ಒಂದು ಮಾತು ಉಳಿಯಿತು. ಬೆರಿಲಿಯಂಗೆ ಎಲ್ಲರ ಮೈಯೂ ಒಂದೇ ಥರ ಸ್ಪಂದಿಸುವುದಿಲ್ಲ. ಹುಟ್ಟಿನಿಂದಲೇ ಕೆಲವರಲ್ಲಿರುವ ಒಂದು ವಂಶವಾಹಿ ಗುರುತು ಅಪಾಯವನ್ನು ಹೆಚ್ಚಿಸುತ್ತದೆ. ಅಂಥವರ ರೋಗನಿರೋಧಕ ಕೋಶಗಳು ಒಮ್ಮೆ ಅದನ್ನು ಗುರುತಿಟ್ಟುಕೊಂಡರೆ ಆಯಿತು, ಶ್ವಾಸಕೋಶದಲ್ಲಿ ಗಂಟುಗಳು ಕಟ್ಟುತ್ತವೆ. ಪೂರ್ತಿ ವಾಸಿಮಾಡುವ ಮದ್ದಿಲ್ಲ. ನಮ್ಮ ದೇಶದಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರಿಗೆ ಮೊದಲು ಹೊಳೆಯುವುದು ಕ್ಷಯ, ಆಮೇಲೆ ಸಾರ್ಕಾಯ್ಡ್ ಎಂಬ ಇನ್ನೊಂದು ಕಾಯಿಲೆ. ನೀನು ಬೆರಿಲಿಯಂ ಮುಟ್ಟಿದ್ದೆ ಎಂದು ನೀನೇ ಹೇಳದಿದ್ದರೆ ಯಾರಿಗೂ ಹೊಳೆಯುವುದಿಲ್ಲ. ಸಂಸ್ಥೆಯ ನಿನ್ನ ಆರೋಗ್ಯದ ಫೈಲಿನಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಬರೆಸಿ, ಒಂದು ಪ್ರತಿಯನ್ನು ಮನೆಯಲ್ಲಿಡು.

ಕೊನೆಯದಾಗಿ, ನಿಮ್ಮ ಕಪಾಟನ್ನೊಮ್ಮೆ ನೋಡು. ಹಿಂದಿನ ಯಾರೋ ವಿದ್ಯಾರ್ಥಿ ಬಿಟ್ಟುಹೋದ ಬೆರಿಲಿಯಂ ಬಾಟಲಿ ಹಿಂದಿನ ಸಾಲಿನಲ್ಲಿ ಇದ್ದರೂ ಇರಬಹುದು. "ಇದೆಯಲ್ಲ, ಇದನ್ನೇ ಬಳಸು" ಅನ್ನುತ್ತಾರೆ. ಮುಚ್ಚಳದ ತಿರುಪಿನಲ್ಲಿ ಬಿಳಿ ಹಕ್ಕಳೆ ಕಟ್ಟಿದ್ದರೆ, ತಿರುಗಿಸಿದ ಕೂಡಲೇ ಅದು ಉದುರುವುದು ನಿನ್ನ ಮೂಗಿನ ಕೆಳಗೇ. ತೆರೆಯದೆ ಎರಡು ಚೀಲದಲ್ಲಿ ಕಟ್ಟಿ ಸುರಕ್ಷತಾ ವಿಭಾಗದವರಿಗೆ ಒಪ್ಪಿಸಿ, ರಸೀದಿ ಕೇಳು. ಆರ್ಡರ್ ಮಾಡಿದ್ದು ಬಂದ ಮೇಲೆ ನನಗೊಂದು ಫೋನ್ ಮಾಡು.

ಇತಿ,
ನಿನ್ನ ದೊಡ್ಡಮ್ಮ