ನಾಳೆ ಬನ್ನಿ ಎಂದ ದಲ್ಲಾಳಿ

ಗಂಗೊಳ್ಳಿಯ ಕಡಲ ಬದಿಯಲ್ಲಿ ಒಂದು ಮನೆ. ಆ ಮನೆಯಲ್ಲಿ ರಾಘು ಮತ್ತು ಗಿರಿಜಾ ಇದ್ದಾರೆ. ಅವರ ಕತೆ ಕೇಳಿ.

ರಾಘು ಬೇರೆಯವರ ಟ್ರಾಲ್ ಬೋಟಿನಲ್ಲಿ ದುಡಿಯುತ್ತಾನೆ. ಗಿರಿಜಾ ಬುಟ್ಟಿಯಲ್ಲಿ ಮೀನು ಹೊತ್ತು ಊರೂರು ಮಾರುತ್ತಾಳೆ. ಎರಡು ವರ್ಷದಿಂದ ಅವಳು ಕಲಿಕಾ ಕೇಂದ್ರಕ್ಕೆ ಹೋಗುತ್ತಿದ್ದಾಳೆ. ಈಗ ಕನ್ನಡ ಓದುತ್ತಾಳೆ, ಬರೆಯುತ್ತಾಳೆ. ಬಸ್ಸಿನ ಬೋರ್ಡು, ಅಂಗಡಿಯ ಚೀಟಿ, ಗೋಡೆಯ ಬರಹ, ಯಾವುದನ್ನೂ ಬಿಡುವುದಿಲ್ಲ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ ಇದೆ. ಅದು ಮೀನು ಮೊಟ್ಟೆ ಇಡುವ ಕಾಲ. ಕಡಲೂ ಒರಟಾಗಿರುತ್ತದೆ. ಆಗ ರಾಘುವಿಗೆ ದುಡಿಮೆ ಇಲ್ಲ.

"ಎಷ್ಟು ದಿನ ಬೇರೆಯವರ ಬೋಟಿನಲ್ಲಿ ದುಡಿಯುವುದು? ನಮ್ಮದೇ ಒಂದು ಸಣ್ಣ ದೋಣಿ ಆದರೆ ಸಾಕಿತ್ತು" ಎಂದು ರಾಘು ಹೇಳುತ್ತಿದ್ದ.

ಹೊಸ ದೋಣಿಗೆ ದುಡ್ಡು ಸಾಲದು. ಹಳೆಯ ಫೈಬರ್ ದೋಣಿ ಕೊಳ್ಳುವುದೆಂದು ಇಬ್ಬರೂ ಮಾತಾಡಿಕೊಂಡರು. ಸ್ವಸಹಾಯ ಸಂಘದ ಸಾಲ, ಗಿರಿಜಾಳ ಉಳಿತಾಯ, ಬಳೆ ಅಡವಿಟ್ಟ ಹಣ ಎಲ್ಲ ಸೇರಿಸಿದರು.

ದಲ್ಲಾಳಿ ಸಿಕ್ಕಿದ

ಜೂನ್ ಎರಡನೇ ವಾರ ಒಬ್ಬ ದಲ್ಲಾಳಿ ಸಿಕ್ಕಿದ. ಹೊಳೆ ದಡಕ್ಕೆ ಇಬ್ಬರನ್ನೂ ಕರೆದುಕೊಂಡು ಹೋದ. ದಡದಲ್ಲಿ ಒಂದು ನೀಲಿ ದೋಣಿ ಇತ್ತು. ಅದಕ್ಕೆ ಔಟ್‌ಬೋರ್ಡ್ ಎಂಜಿನ್ನೂ ಇತ್ತು.

"ಒಳ್ಳೆ ದೋಣಿ ಮಾರಾಯ್ರೆ. 2,80,000 ರೂಪಾಯಿ ಹೇಳ್ತಿದ್ದಾರೆ. ಕಾಗದ ಎಲ್ಲ ಸರಿ ಉಂಟು" ಎಂದ ದಲ್ಲಾಳಿ.

"ಕಾಗದ ಒಮ್ಮೆ ನೋಡಬಹುದಾ?" ಎಂದಳು ಗಿರಿಜಾ.

"ನಾಳೆ ಬನ್ನಿ, ತೋರಿಸ್ತೇನೆ."

ದೋಣಿಯ ಮೈ ಮೇಲೆ ಒಂದು ನಂಬ್ರ ಬರೆದಿತ್ತು. ಅದರ ಮೊದಲಿಗೆ ಇಂಗ್ಲಿಷ್ ಅಕ್ಷರಗಳಿದ್ದವು. ಗಿರಿಜಾಳಿಗೆ ಇಂಗ್ಲಿಷ್ ಬಾರದು. ಆದರೂ ಚಿತ್ರ ಬರೆದ ಹಾಗೆ, ನೋಡಿ ನೋಡಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ರಾಘು ನಕ್ಕ. "ಅದೆಂತಕ್ಕೆ ಮಾರಾಯ್ತಿ?" ಎಂದ. "ಇರಲಿ" ಎಂದಳು ಗಿರಿಜಾ.

ಮಾರನೆ ದಿನ ಹೋದರು. ದಲ್ಲಾಳಿ ಇರಲಿಲ್ಲ. ಫೋನ್ ಮಾಡಿದರು. "ಕುಂದಾಪುರದಲ್ಲಿದ್ದೇನೆ, ನಾಳೆ ಬನ್ನಿ" ಎಂದ. ಮತ್ತೆ ಹೋದರು. ಬಾಗಿಲಿಗೆ ಬೀಗ. ಆಮೇಲೆ ಫೋನ್ ಎತ್ತಲೇ ಇಲ್ಲ. ಹೀಗೆ ಇಪ್ಪತ್ತು ದಿನ ಕಳೆಯಿತು.

ಮನೆಯ ಬಾಗಿಲಿಗೆ 'ನಾಳೆ ಬಾ' ಎಂದು ಬರೆದರೆ ದೆವ್ವ ಹಿಂದೆ ಹೋಗುತ್ತದೆ ಎಂದು ಕೆಲವರು ಹೇಳುವುದುಂಟು. "ಈ ದಲ್ಲಾಳಿ ನಮ್ಮನ್ನೇ ದೆವ್ವ ಮಾಡಿದ" ಎಂದ ರಾಘು.

ಒಂದು ರಾತ್ರಿ ಫೋನ್ ಬಂತು

ಜುಲೈ ಮೊದಲ ವಾರ. ರಾತ್ರಿ ಎಂಟು ಗಂಟೆಗೆ ದಲ್ಲಾಳಿಯೇ ಫೋನ್ ಮಾಡಿದ.

"ಬೇರೆ ಗಿರಾಕಿ ಬಂದಿದ್ದಾರೆ. ನಾಳೆ ಬೆಳಿಗ್ಗೆ 40,000 ರೂಪಾಯಿ ಮುಂಗಡ ಕೊಟ್ಟರೆ ದೋಣಿ ನಿಮಗೆ. ಇಲ್ಲದಿದ್ದರೆ ಹೋಯಿತು."

ರಾಘುವಿಗೆ ಎದೆ ಹೊಡೆದುಕೊಂಡಿತು. "ಕೊಟ್ಟು ಬಿಡುವ. ದೋಣಿ ಕೈ ತಪ್ಪಿದರೆ ಈ ವರ್ಷವೂ ಬೇರೆಯವರ ಬೋಟೇ ಗತಿ" ಎಂದ.

ಗಿರಿಜಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು:

"ಹೋಯ್, ಇಪ್ಪತ್ತು ದಿನ ಕಾಗದ ತೋರಿಸಲು ಅವರಿಗೆ ಪುರುಸೊತ್ತು ಇರಲಿಲ್ಲ. ದುಡ್ಡು ತೆಗೆದುಕೊಳ್ಳಲು ಮಾತ್ರ ಒಂದೇ ರಾತ್ರಿ ಸಾಕಾ? ದೋಣಿ ಹೋದರೆ ಇನ್ನೊಂದು ಸಿಕ್ಕೀತು. ಬಳೆ ಅಡವಿಟ್ಟ ದುಡ್ಡು ಹೋದರೆ ಎಲ್ಲಿಂದ ತರುವುದು?"

ರಾಘು ಯೋಚಿಸಿದ. ಅವಳ ಮಾತು ಹೌದೆನಿಸಿತು.

ಗಿರಿಜಾ ಬರೆದ ಪತ್ರ

ಆ ರಾತ್ರಿಯೇ ಗಿರಿಜಾ ಪತ್ರ ಬರೆಯಲು ಕುಳಿತಳು. ಎರಡು ಸಲ ತಪ್ಪಾಯಿತು. ಮೂರನೇ ಸಲ ಸರಿಯಾಯಿತು. ಅವಳು ಹೀಗೆ ಬರೆದಳು:

*ದಿನಾಂಕ: ಜುಲೈ 6*

*ದಲ್ಲಾಳಿಯವರಿಗೆ ನಮಸ್ಕಾರಗಳು.*

*ನೀವು ತೋರಿಸಿದ ನೀಲಿ ದೋಣಿ ನಮಗೆ ಬೇಕು. ಆದರೆ ಕಾಗದ ನೋಡದೆ ನಾವು ಮುಂಗಡ ಕೊಡುವುದಿಲ್ಲ. ದಯವಿಟ್ಟು ಈ ನಾಲ್ಕು ವಿಷಯ ತಿಳಿಸಿ.*

*1. ದೋಣಿಯ ಮಾಲಿಕರು ಯಾರು?*
*2. ದೋಣಿಯ ಮೇಲೆ ಸಾಲ ಇದೆಯೇ?*
*3. ನೋಂದಣಿ ಪತ್ರವನ್ನು ಯಾವ ದಿನ ತೋರಿಸುತ್ತೀರಿ?*
*4. ನಿಮ್ಮ ದಲ್ಲಾಳಿ ಹಣ ಎಷ್ಟು? ಅದನ್ನು ಯಾರು ಕೊಡಬೇಕು?*

*ಜುಲೈ 10ರ ಸಂಜೆಯವರೆಗೆ ಕಾಯುತ್ತೇವೆ. ಉತ್ತರ ಬಾರದಿದ್ದರೆ ನಾವೇ ಮಾಲಿಕರನ್ನು ಹುಡುಕಿ ಮಾತಾಡುತ್ತೇವೆ.*

*ಇಂತಿ, ಗಿರಿಜಾ*

ಪತ್ರಕ್ಕೆ ಒಂದು ಪ್ರತಿ ಮಾಡಿದಳು. ಬೆಳಿಗ್ಗೆ ದಲ್ಲಾಳಿಯ ಕೈಗೇ ಪತ್ರ ಕೊಟ್ಟಳು. ಪ್ರತಿಯ ಮೇಲೆ 'ಪತ್ರ ಸಿಕ್ಕಿದೆ' ಎಂದು ಸಹಿ ಹಾಕಿಸಿಕೊಂಡಳು. ದಲ್ಲಾಳಿ ಗೊಣಗುತ್ತಲೇ ಸಹಿ ಹಾಕಿದ.

ಪತ್ರ ಕೈಗೆ ಕೊಡಲು ಆಗದಿದ್ದರೆ? ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಬಹುದು. ಫೋನಿನಲ್ಲಿ ಸಂದೇಶವನ್ನೂ ಕಳಿಸಬಹುದು. ಬಾಯಿಮಾತು ಗಾಳಿಗೆ ಹೋಗುತ್ತದೆ. ಬರೆದದ್ದು ಉಳಿಯುತ್ತದೆ.

ಜುಲೈ 10 ಕಳೆಯಿತು. ಉತ್ತರ ಬರಲಿಲ್ಲ.

ನಂಬ್ರ ದಾರಿ ತೋರಿಸಿತು

ಗಿರಿಜಾ ತನ್ನ ಪುಸ್ತಕ ತೆಗೆದಳು. ಅದರಲ್ಲಿ ದೋಣಿಯ ನಂಬ್ರ ಇತ್ತು. ಇಬ್ಬರೂ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋದರು.

ಎಂಜಿನ್ ಇರುವ ಮೀನುಗಾರಿಕೆ ದೋಣಿಗೆ ನೋಂದಣಿ ಇರಬೇಕು. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರಲ್ಲಿ ಬಂತು. ಅದರಂತೆ ಮೀನು ಹಿಡಿಯಲು ಪರವಾನಗಿಯೂ ಬೇಕು. ದೋಣಿಯ ಮೇಲಿನ ನಂಬ್ರ ಮತ್ತು ಕಾಗದದ ನಂಬ್ರ ಒಂದೇ ಆಗಿರಬೇಕು.

ಕಚೇರಿಯವರು ನಂಬ್ರ ನೋಡಿದರು. ದೋಣಿ ಪಕ್ಕದ ಊರಿನ ಒಬ್ಬ ಅಜ್ಜನ ಹೆಸರಿನಲ್ಲಿತ್ತು. ರಾಘು, ಗಿರಿಜಾ ಅಜ್ಜನ ಮನೆಗೆ ಹೋದರು.

"ಬಾ ಮಗಾ, ಕೂತ್ಕೋ" ಎಂದರು ಅಜ್ಜ. ವಿಷಯ ಕೇಳಿ ಅವರಿಗೆ ಆಶ್ಚರ್ಯವಾಯಿತು.

"ಗಿರಾಕಿ ಯಾರೂ ಬರಲಿಲ್ಲ ಅಂತ ದಲ್ಲಾಳಿ ನನಗೆ ಹೇಳಿದ್ದ! ಮಗ ಬೊಂಬಾಯಿ ಸೇರಿದ. ನನ್ನ ಕೈಲಿ ಇನ್ನು ದೋಣಿ ನಡೆಸಲು ಆಗುವುದಿಲ್ಲ. ಸಹಕಾರ ಸಂಘದಲ್ಲಿ ಇನ್ನೂ 60,000 ರೂಪಾಯಿ ಸಾಲ ಉಂಟು. ಗಿರಾಕಿಗೆ ಅದನ್ನು ಮೊದಲೇ ಹೇಳು ಅಂದಿದ್ದೆ. ಅವನು ಹೇಳಲಿಲ್ಲವಾ?"

ದಲ್ಲಾಳಿ ಎರಡು ಕಡೆಯವರನ್ನೂ ಕತ್ತಲಲ್ಲಿ ಇಟ್ಟಿದ್ದ. ಹೆಚ್ಚು ಹಣ ಕೊಡುವ ಗಿರಾಕಿಗಾಗಿ ಕಾಯುತ್ತಿದ್ದ. ಅಂದು 40,000 ರೂಪಾಯಿ ಕೊಟ್ಟಿದ್ದರೆ ಏನಾಗುತ್ತಿತ್ತು? ಸಾಲ ಇರುವ ದೋಣಿಗೆ, ಮಾಲಿಕರಿಗೆ ಗೊತ್ತಿಲ್ಲದೆ, ರಸೀದಿ ಇಲ್ಲದೆ ಹಣ ಕೊಟ್ಟ ಹಾಗೆ ಆಗುತ್ತಿತ್ತು.

ದೋಣಿ ನೋಡಿದ್ದು ಹೇಗೆ?

ರಾಘು ತನ್ನ ಬೋಟಿನ ತಾಂಡೇಲರನ್ನು ಕರೆತಂದ. ಅವರು ನಲವತ್ತು ವರ್ಷ ಕಡಲಲ್ಲಿ ದುಡಿದವರು.

ದೋಣಿ ದಡದಲ್ಲಿದ್ದಾಗ ಅದರ ಅಡಿಭಾಗವೂ ಕಾಣುತ್ತದೆ. ತಾಂಡೇಲರು ಸಣ್ಣ ಮರದ ತುಂಡಿನಿಂದ ದೋಣಿಯ ಮೈಯನ್ನು ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಟಣ್ ಎಂದಿತು. ಒಂದು ಕಡೆ ಮಾತ್ರ ಬೊದ್ ಎಂದಿತು.

"ಇಲ್ಲಿ ಫೈಬರಿನ ಪದರ ಬಿಟ್ಟಿದೆ. ರಿಪೇರಿ ಬೇಕು" ಎಂದರು.

ಎಂಜಿನ್ ಕಟ್ಟುವ ಹಿಂಬದಿಯ ಹಲಗೆಯನ್ನು ನೋಡಿದರು. ಎಂಜಿನ್ನಿನ ಭಾರ, ನಡುಕ ಎಲ್ಲ ಅಲ್ಲೇ ಬೀಳುತ್ತದೆ. ಬಿರುಕು ಇರಲಿಲ್ಲ. ಆಮೇಲೆ ದೋಣಿಯನ್ನು ಹೊಳೆಗೆ ಇಳಿಸಿದರು. ಎಂಜಿನ್ ತಣ್ಣಗಿದ್ದಾಗಲೇ ಚಾಲೂ ಮಾಡಿಸಿದರು. ಮೊದಲೇ ಬಿಸಿ ಮಾಡಿ ಇಟ್ಟರೆ ಕೆಟ್ಟ ಎಂಜಿನ್ನೂ ಬೇಗ ಚಾಲೂ ಆಗುತ್ತದೆ. ತಂಪು ಮಾಡುವ ನೀರು ಸರಿಯಾಗಿ ಹೊರಗೆ ಚಿಮ್ಮುತ್ತದೆಯೇ ಎಂದೂ ನೋಡಿದರು. ಎಂಜಿನ್ನಿನ ನಂಬ್ರವನ್ನು ಕಾಗದದ ಜೊತೆ ಹೋಲಿಸಿದರು.

ರಿಪೇರಿಯ ಖರ್ಚು ಲೆಕ್ಕ ಹಾಕಿ 2,65,000 ರೂಪಾಯಿಗೆ ವ್ಯಾಪಾರ ಆಯಿತು.

ಹಣ ಕೊಟ್ಟದ್ದು ಹೇಗೆ?

ಹಣವನ್ನು ಒಟ್ಟಿಗೆ ಕೊಡಲಿಲ್ಲ. ಮೂರು ಭಾಗ ಮಾಡಿದರು.

ಮೊದಲು, ಮುಂಗಡ: 10,000 ರೂಪಾಯಿ
ಆಮೇಲೆ, ಸಹಕಾರ ಸಂಘದ ಸಾಲಕ್ಕೆ: 60,000 ರೂಪಾಯಿ
ಕೊನೆಗೆ, ಅಜ್ಜನಿಗೆ: 1,95,000 ರೂಪಾಯಿ
ಒಟ್ಟು: 2,65,000 ರೂಪಾಯಿ

ಮುಂಗಡ ಕೊಡುವಾಗ ಛಾಪಾ ಕಾಗದದಲ್ಲಿ ಕರಾರು ಬರೆಸಿದರು. 'ನೋಂದಣಿ ಬದಲಾಗದಿದ್ದರೆ ಮುಂಗಡ ವಾಪಸು' ಎಂದು ಅದರಲ್ಲಿ ಬರೆದಿತ್ತು. ಇಬ್ಬರು ಸಾಕ್ಷಿಗಳು ಸಹಿ ಹಾಕಿದರು.

ಸಾಲದ ಹಣವನ್ನು ಅಜ್ಜನ ಜೊತೆಗೇ ಹೋಗಿ ಸಂಘದಲ್ಲಿ ಕಟ್ಟಿದರು. 'ಸಾಲ ತೀರಿದೆ' ಎಂಬ ಪತ್ರ ಪಡೆದರು. ಉಳಿದ ಹಣವನ್ನು ಇಲಾಖೆಯಲ್ಲಿ ದೋಣಿ ತಮ್ಮ ಹೆಸರಿಗೆ ಆದ ಮೇಲೆ ಬ್ಯಾಂಕಿನ ಮೂಲಕ ಕೊಟ್ಟರು.

ಹೆಸರು ಬದಲಾಯಿಸುವುದು ಏಕೆ ಮುಖ್ಯ? ದೋಣಿ ನಿಮ್ಮ ಕೈಯಲ್ಲಿದ್ದರೂ ಕಾಗದ ಬೇರೆಯವರ ಹೆಸರಲ್ಲಿದ್ದರೆ ನೀವು ಮಾಲಿಕರೆಂದು ತೋರಿಸುವುದು ಕಷ್ಟ. ವಿಮೆ, ಪರಿಹಾರ, ಸರ್ಕಾರದ ಸವಲತ್ತು ಕೇಳುವಾಗ ಮೊದಲು ನೋಡುವುದು ಕಾಗದವನ್ನೇ.

ದಲ್ಲಾಳಿಗೆ ಏನು ಕೊಟ್ಟರು?

ಸುದ್ದಿ ತಿಳಿದು ದಲ್ಲಾಳಿ ಓಡಿ ಬಂದ. "ನನ್ನ ನೂರಕ್ಕೆ ಎರಡು ಎಲ್ಲಿ?" ಎಂದ. 2,65,000ಕ್ಕೆ ನೂರಕ್ಕೆ ಎರಡರಂತೆ 5,300 ರೂಪಾಯಿ ಆಗುತ್ತದೆ.

"ಒಂದು ಪೈಸೆ ಕೊಡುವುದಿಲ್ಲ" ಎಂದ ರಾಘು.

ಗಿರಿಜಾ ಅವನನ್ನು ತಡೆದಳು. "ದೋಣಿ ತೋರಿಸಿದ್ದು ಇವರೇ. ಅದನ್ನು ಇಲ್ಲ ಅನ್ನಬಾರದು. ಆದರೆ ಕಾಗದ ತೋರಿಸಲಿಲ್ಲ. ಸಾಲದ ವಿಷಯ ಮುಚ್ಚಿಟ್ಟರು. ಅರ್ಧ ಕೆಲಸಕ್ಕೆ ಅರ್ಧ ಕೂಲಿ" ಎಂದಳು. ಸಹಿ ಹಾಕಿದ ಪತ್ರದ ಪ್ರತಿಯನ್ನು ಮುಂದಿಟ್ಟಳು.

ದಲ್ಲಾಳಿ ಪತ್ರ ನೋಡಿದ. ಮತ್ತೆ ಮಾತಾಡಲಿಲ್ಲ. 2,650 ರೂಪಾಯಿ ತೆಗೆದುಕೊಂಡು ರಸೀದಿ ಬರೆದುಕೊಟ್ಟ.

ಆಗಸ್ಟ್ ತಿಂಗಳಲ್ಲಿ ಕಡಲು ಶಾಂತವಾಯಿತು. ರಾಘು ತನ್ನ ಸ್ವಂತ ದೋಣಿ ಇಳಿಸಿದ. ಮೊದಲ ದಿನ ಹೆಚ್ಚು ಮೀನು ಸಿಗಲಿಲ್ಲ. ಆದರೆ ಸಿಕ್ಕಿದ ಮೀನು ಅವರದೇ ಆಗಿತ್ತು.

ನೆನಪಿಡಿ

ಎಲ್ಲ ದಲ್ಲಾಳಿಗಳೂ ಕೆಟ್ಟವರಲ್ಲ. ಒಳ್ಳೆಯ ದಲ್ಲಾಳಿ ನಮ್ಮ ಓಡಾಟ ತಪ್ಪಿಸುತ್ತಾನೆ. ಕೆಲವು ಸಲ ಮಾಲಿಕರೇ ಮನಸ್ಸು ಮಾಡದೆ ಇರುತ್ತಾರೆ. ಆಗ ದಲ್ಲಾಳಿಗೂ ಉತ್ತರ ಕೊಡಲು ಆಗುವುದಿಲ್ಲ. ಹಾಗಿದ್ದರೆ ಅವನು ಅದನ್ನೇ ಹೇಳಬೇಕು. ಸುಮ್ಮನಿರಬಾರದು.

1. ದಲ್ಲಾಳಿ ಉತ್ತರ ಕೊಡದಿದ್ದರೆ ಜಗಳ ಬೇಡ. ಪ್ರಶ್ನೆ ಬರೆದು ಕೊಡಿ. ಒಂದು ದಿನ ಗೊತ್ತು ಮಾಡಿ.
2. ಆ ದಿನ ಕಳೆದರೆ ಕಾಯಬೇಡಿ. ಮಾಲಿಕರನ್ನು ನೇರವಾಗಿ ಕಾಣಿ. ಕಾಣುತ್ತೇವೆ ಎಂದು ದಲ್ಲಾಳಿಗೆ ಮೊದಲೇ ತಿಳಿಸಿ.
3. ಅವಸರ ಮಾಡಿಸುವವರಿಗೆ ಅವಸರದಲ್ಲಿ ಹಣ ಕೊಡಬೇಡಿ.
4. ನಂಬ್ರ, ಮಾಲಿಕರ ಹೆಸರು, ಸಾಲ, ಈ ಮೂರನ್ನು ನೋಡದೆ ಮುಂಗಡ ಬೇಡ.
5. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ.
6. ಮೋಸವಾದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ.

ಉತ್ತರ ಹೇಳಿ

1. ಗಿರಿಜಾ ದೋಣಿಯ ನಂಬ್ರ ಬರೆದುಕೊಂಡದ್ದು ಯಾವ ಉಪಯೋಗಕ್ಕೆ ಬಂತು?
2. ರಾತ್ರಿ ಫೋನ್ ಬಂದಾಗ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?
3. ದಲ್ಲಾಳಿಗೆ ಅರ್ಧ ಹಣ ಕೊಟ್ಟದ್ದು ಸರಿಯೇ? ಗುಂಪಿನಲ್ಲಿ ಚರ್ಚೆ ಮಾಡಿ.

ಲೆಕ್ಕ ಮಾಡಿ

ಒಂದು ದೋಣಿಯ ಬೆಲೆ 1,50,000 ರೂಪಾಯಿ. ದಲ್ಲಾಳಿ ಹಣ ನೂರಕ್ಕೆ ಎರಡು. ಒಟ್ಟು ಎಷ್ಟು ಕೊಡಬೇಕು?

ಬರೆಯಿರಿ

ನೀವು ದೋಣಿ, ಹಸು ಅಥವಾ ಹಳೆಯ ಬೈಕು ಕೊಳ್ಳಬೇಕು ಎಂದುಕೊಳ್ಳಿ. ದಲ್ಲಾಳಿ ಉತ್ತರ ಕೊಡುತ್ತಿಲ್ಲ. ಗಿರಿಜಾಳ ಹಾಗೆ ಒಂದು ಪತ್ರ ಬರೆಯಿರಿ. ದಿನಾಂಕ ಹಾಕಲು ಮರೆಯಬೇಡಿ.